ಹುಂಡಿಯ ಮುಂದೆ ಎತ್ತಿ ಹಿಡಿದ ಮಗು: ಎಳೆಯರಿಗೆ ಕೊಡುವುದನ್ನು ಕಲಿಸುವ ಬಗೆ

(ಮಂಡ್ಯದಲ್ಲಿ ಪೋಷಕರು, ಕಾಲೇಜು ಅಧ್ಯಾಪಕರು ಮತ್ತು ಯುವಕ ಸಂಘದವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗಂಜಾಂನ ನಿಮಿಷಾಂಬ ದೇವಸ್ಥಾನದ ಹುಂಡಿಯ ಪಕ್ಕ ಹತ್ತು ನಿಮಿಷ ನಿಂತರೆ ಒಂದು ನೋಟ ತಪ್ಪದೆ ಕಾಣುತ್ತದೆ. ಅಪ್ಪ ಜೇಬಿನಿಂದ ಹತ್ತು ರೂಪಾಯಿ ನೋಟು ತೆಗೆದು ಮಗುವಿನ ಕೈಗಿಟ್ಟು, ಕಂಕುಳಿಗೆ ಕೈ ಹಾಕಿ ಎತ್ತಿ, "ಹಾಕು ಪುಟ್ಟ, ಒಳಗೆ ಹಾಕು" ಅನ್ನುತ್ತಾನೆ. ಕೆಲವು ಮಕ್ಕಳು ಹಾಕುತ್ತವೆ. ಕೆಲವು ನೋಟನ್ನು ಮುಷ್ಟಿಯಲ್ಲಿ ಮುದುರಿಕೊಂಡು ಬಿಡುವುದೇ ಇಲ್ಲ. ಬೆರಳು ಬಿಡಿಸಿ ಹಾಕಿಸುತ್ತಾರೆ. ದುಡ್ಡು ಅಪ್ಪನದು, ಎಲ್ಲಿಗೆ ಕೊಡಬೇಕೆಂಬ ತೀರ್ಮಾನ ಅಪ್ಪನದು, ಎತ್ತಿ ಹಿಡಿದ ತೋಳೂ ಅಪ್ಪನದೇ. ಮಗುವಿನ ಪಾಲಿಗೆ ಬಂದದ್ದು ಸೀಳಿನೊಳಗೆ ನೋಟು ತೂರಿಸುವ ಕೆಲಸ. ಭಕ್ತಿಗೆ ಅಷ್ಟು ಸಾಕು. ಕೊಡುವ ಅಭ್ಯಾಸ ಮಾತ್ರ ಅದರಿಂದ ಹುಟ್ಟುವುದಿಲ್ಲ.

"ಈಗಿನ ಹುಡುಗರು ಕೈ ಬಿಚ್ಚಲ್ಲ" ಎಂಬ ದೂರು ಎಲ್ಲ ಸಭೆಗಳಲ್ಲೂ ಕೇಳುತ್ತದೆ. ಈ ಜಿಲ್ಲೆಯಲ್ಲಿ ನಿಂತು ಹಾಗೆನ್ನುವುದು ಕಷ್ಟ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ರಸ್ತೆಬದಿಯಲ್ಲಿ ಮಜ್ಜಿಗೆ, ಕಲ್ಲಂಗಡಿ ಹಂಚುವವರಲ್ಲಿ ಮೀಸೆ ಮೂಡದ ಹುಡುಗರೂ ಇರುತ್ತಾರೆ. ಅವರ ಕೈ ನಮಗೆ ಬೇಕು, ಬಕೆಟ್ ಎತ್ತಲು, ಲೋಟ ತೊಳೆಯಲು. ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ಕೇಳುವಾಗ ಮಾತ್ರ ಅವರನ್ನು ಆಚೆ ಕಳಿಸುತ್ತೇವೆ. ಇವತ್ತಿನ ಮಾತಿನ ತಿರುಳು ಇಷ್ಟೇ: ತೀರ್ಮಾನವನ್ನೂ ಲೆಕ್ಕವನ್ನೂ ಎಳೆಯರ ಕೈಗೆ ಕೊಡಿ. ದುಡ್ಡು ಅದರ ಹಿಂದೆಯೇ ಬರುತ್ತದೆ.

ಲೆಕ್ಕ ಅಂದೆ. ದಾನಕ್ಕೆ ಲೆಕ್ಕ ಇಡುವುದು ಸಣ್ಣತನ ಎಂದು ಮೂಗು ಮುರಿಯುವವರಿದ್ದಾರೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಅವರು ಒಮ್ಮೆ ಓದಬೇಕು. ಕ್ರಿ.ಶ. 949-50ರ ಸುಮಾರಿನ ಕಲ್ಲು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ದೊರೆ ಬೂತುಗನ ವೀರನಾದ ಮಣಲೇರನು, ಯುದ್ಧದಲ್ಲಿ ತಾನು ತೋರಿದ ಶೌರ್ಯಕ್ಕೆ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಎಷ್ಟು ಭೂಮಿ? ಆ ಕಾಲದ ಅಳತೆಯಲ್ಲಿ ಎರಡು ಖಂಡುಗ. ಎಲ್ಲಿ? ಇಂಥ ಕೆರೆಯ ಕೆಳಗೆ. ನೋಡಿಕೊಳ್ಳುವವರು ಯಾರು? ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ. ಕಲ್ಲನ್ನು ಪೂಜಿಸದೆ ಆ ಗೊರವ ಉಂಡರೆ ನಾಯಿಯ ಪಾಪ ಅವನಿಗೆ. ಮೊತ್ತ, ಜಾಗ, ಹೊಣೆಗಾರ, ಷರತ್ತು ನಾಲ್ಕೂ ಕಲ್ಲಿನ ಮೇಲಿವೆ. ಈಗ ವಾಟ್ಸಾಪಿನಲ್ಲಿ ಬರುವ "ಕೈಲಾದ ಸಹಾಯ ಮಾಡಿ" ಮನವಿಗಳಲ್ಲಿ ಈ ನಾಲ್ಕರಲ್ಲಿ ಎಷ್ಟಿರುತ್ತವೆ, ನೀವೇ ಎಣಿಸಿ.

ಚಿಕ್ಕ ಮಕ್ಕಳಿಂದ ಶುರು ಮಾಡೋಣ. ಆರೇಳು ವರ್ಷದ ಮಗುವಿಗೆ ದುಡ್ಡಿನ ಬೆಲೆ ಗೊತ್ತಿರುವುದಿಲ್ಲ, ಅಕ್ಕಿಯ ಬೆಲೆ ಗೊತ್ತಾಗುತ್ತದೆ. ಹಿಂದೆ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಅದನ್ನೇ ಮಗುವಿನ ಕೈಯಿಂದ ಮಾಡಿಸಿ. ದೊಡ್ಡವರ ಹಿಡಿ ಸುಮಾರು 50 ಗ್ರಾಂ, ಮಗುವಿನ ಹಿಡಿ ಅದರ ಅರ್ಧ. ದಿನಕ್ಕೆ ದೊಡ್ಡವರದೊಂದು, ಮಗುವಿನದೊಂದು ಹಿಡಿಯಾದರೆ ತಿಂಗಳಿಗೆ ಎರಡು ಕಿಲೋ ಮೀರುತ್ತದೆ. ತಿಂಗಳ ಕೊನೆಯ ಭಾನುವಾರ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ತೂಕವನ್ನು ಮಗುವೇ ಕ್ಯಾಲೆಂಡರಿನಲ್ಲಿ ಬರೆಯಲಿ. ಕೊಡಬಹುದಾದ ಎರಡು ಜಾಗ ನೀವು ಹೇಳಿ, ಆರಿಸುವುದು ಮಗು. ಎರಡಕ್ಕಿಂತ ಹೆಚ್ಚು ಹೇಳಿದರೆ ಗೊಂದಲ. ಒಂದೇ ಹೇಳಿದರೆ ಮತ್ತೆ ಹುಂಡಿಯ ಕಥೆ.

ಇದು ಎಲ್ಲಿ ಕೆಡುತ್ತದೆ? ಮೊದಲನೆಯದು ಹುಳ. ಮಳೆಗಾಲದಲ್ಲಿ ತಿಂಗಳು ದಾಟಿದರೆ ನುಸಿ ಬೀಳುತ್ತದೆ. ಒಣಗಿಸಿದ ಬೇವಿನೆಲೆ, ನಾಲ್ಕು ಒಣಮೆಣಸಿನಕಾಯಿ ಹಾಕಿದರೂ ಎರಡು ತಿಂಗಳು ಕೂಡಿಡಬೇಡಿ. ಎರಡನೆಯದು ಬೆರಕೆ. ಒಂದು ದಿನ ಸೋನಾಮಸೂರಿ, ಇನ್ನೊಂದು ದಿನ ರೇಷನ್ ಅಕ್ಕಿ, ಮತ್ತೊಂದು ದಿನ ಕುಸುಬಲಕ್ಕಿ ಸೇರಿಸಿದರೆ ಅನ್ನ ಒಂದು ಕಡೆ ಮುದ್ದೆ, ಒಂದು ಕಡೆ ಅಗಳು. ಪಡೆದವರು ಬೇಡ ಎನ್ನಲಾರರು, ಬೇಯಿಸಲೂ ಆರರು. ಒಂದೇ ಬಗೆಯ ಅಕ್ಕಿ ಇರಲಿ. ಮೂರನೆಯದು, ಅಮ್ಮಂದಿರು ಕ್ಷಮಿಸಬೇಕು, ಕೊನೆಗೆ ಆ ಡಬ್ಬಿಯೂ ಅವರ ಜವಾಬ್ದಾರಿಯೇ ಆಗಿಬಿಡುತ್ತದೆ. ಮಗು ಮರೆತ ದಿನ ನೀವು ಹಾಕಬೇಡಿ. ತೂಕ ಕಡಿಮೆ ಬರಲಿ.

ಹಳೆಯ ಮೈಸೂರಿನ ವಾರಾನ್ನವನ್ನು ಇಲ್ಲಿ ನೆನೆಯಬೇಕು. ಊರಿಂದ ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಯಲ್ಲಿ ಉಂಡು ಓದು ಮುಗಿಸುತ್ತಿದ್ದ. ಒಂದು ಮನೆಗೆ ಬೀಳುತ್ತಿದ್ದ ಹೊರೆ ವಾರಕ್ಕೊಂದು ದಿನದ ಎಲೆ ಅಷ್ಟೇ. ಗೊತ್ತಾದ ದಿನ, ಸಣ್ಣ ಪ್ರಮಾಣ, ಕಣ್ಣೆದುರಿನ ಮುಖ. ಅದು ವರ್ಷಗಟ್ಟಲೆ ನಿಂತದ್ದು ಈ ಮೂರರಿಂದ. ಆ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳದೆ ಬಿಡಬಾರದು. ಉಚಿತ ವಿದ್ಯಾರ್ಥಿನಿಲಯಗಳು ಬೇಕಾದದ್ದು ಅದಕ್ಕೂ ಕೂಡ.

ಇನ್ನು ಕಾಲೇಜು ಹುಡುಗರು, ಹೊಸದಾಗಿ ಸಂಬಳ ಕಂಡವರು. ಇವರಿಗೆ ನಾವು ಸೂಚಿಸುವುದು ನಮ್ಮೂರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಚೀಟಿಯ ಮಾದರಿ. ಚೀಟಿಯಲ್ಲಿ ತಿಂಗಳಿಗೊಬ್ಬರು ಹಣ ಎತ್ತಿಕೊಂಡು ಹೋಗುತ್ತಾರೆ. ಇಲ್ಲಿ ತಿಂಗಳಿಗೊಬ್ಬರು ತೀರ್ಮಾನ ಎತ್ತಿಕೊಳ್ಳುತ್ತಾರೆ. ಹನ್ನೆರಡು ಜನ, ತಲಾ 200 ರೂಪಾಯಿ. ತಿಂಗಳಿಗೆ 2,400, ವರ್ಷಕ್ಕೆ 28,800. ವರ್ಷದ ಮೊದಲ ದಿನವೇ ಹನ್ನೆರಡು ತಿಂಗಳಿಗೂ ಹೆಸರು ಎತ್ತಿಬಿಡಿ. ಪ್ರತಿ ತಿಂಗಳೂ ಆಗಷ್ಟೇ ಎತ್ತಿದರೆ ಯಾರೂ ತಯಾರಿ ಮಾಡುವುದಿಲ್ಲ. ಸರದಿ ಬಂದವರು ಮೂರು ವಾರ ಮುಂಚೆ ಎರಡು ಜಾಗ ಗುರುತು ಮಾಡಬೇಕು. ಒಂದಕ್ಕಾದರೂ ಖುದ್ದಾಗಿ ಹೋಗಬೇಕು. ಬಂದು ಒಂದು ಪುಟದಲ್ಲಿ ಬರೆಯಬೇಕು: ಯಾರು, ನೋಂದಣಿ ಏನು, ಈ 2,400 ರೂಪಾಯಿಯಿಂದ ಅಲ್ಲಿ ಏನು ಬದಲಾಗುತ್ತದೆ. "ಮಕ್ಕಳಿಗೆ ಒಳ್ಳೆಯದಾಗುತ್ತದೆ" ಎಂದು ಬರೆದರೆ ಆ ಪುಟ ವಾಪಸ್. "ಹಾಸ್ಟೆಲಿನ ಓದುವ ಕೋಣೆಯಲ್ಲಿ ಸುಟ್ಟುಹೋಗಿರುವ ಫ್ಯಾನಿಗೆ ವೈಂಡಿಂಗ್ ಮಾಡಿಸಬೇಕು, ಎರಡು ಟ್ಯೂಬ್‌ಲೈಟ್ ಬೇಕು" ಎಂದು ಬರೆದರೆ ಅವರು ಹೋಗಿ ನೋಡಿಬಂದಿದ್ದಾರೆ ಎಂದರ್ಥ.

ಹಣವನ್ನು ಒಬ್ಬರ ಖಾತೆಗೆ ಕೂಡಿಹಾಕಬೇಡಿ. ಇಂಥ ಗುಂಪುಗಳು ಒಡೆಯುವುದು ಹೆಚ್ಚಾಗಿ ಅಲ್ಲೇ. ಸಂಚಾಲಕನ ಸಂಬಳ, ಅವನ ಬೈಕಿನ ಕಂತು, ಹನ್ನೊಂದು ಜನರ ದಾನ ಎಲ್ಲ ಒಂದೇ ಪಾಸ್‌ಬುಕ್ಕಿನಲ್ಲಿ ಕಲಸಿಹೋಗುತ್ತವೆ. ಅವನು ಪ್ರಾಮಾಣಿಕನಾಗಿದ್ದರೂ ಲೆಕ್ಕ ತೋರಿಸಲಾಗದೆ ಒದ್ದಾಡುತ್ತಾನೆ. ತಿಂಗಳ 5ನೇ ತಾರೀಖು ಹನ್ನೆರಡು ಜನವೂ ಆಯ್ದ ಸಂಸ್ಥೆಯ ಖಾತೆಗೇ ನೇರವಾಗಿ ಕಳಿಸಲಿ, ರಸೀದಿ ಅವರವರ ಹೆಸರಿಗೇ ಬರಲಿ. ಯುಪಿಐ ಮಾಡುವಾಗ ಪಿನ್ ಒತ್ತುವ ಮುಂಚೆ ಪರದೆಯ ಮೇಲೆ ಬರುವ ಹೆಸರು ಸಂಸ್ಥೆಯದೋ, ಯಾರೋ ವ್ಯಕ್ತಿಯದೋ ನೋಡಿ. ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿ, ಫೋನ್ ಮಾಡಿ ಕೇಳಿ.

ಇನ್ನೆರಡು ತೊಡಕು. ಮೂರನೆಯ ತಿಂಗಳಿಗೆ ಉತ್ಸಾಹ ಇಳಿಯುತ್ತದೆ. ಇಬ್ಬರು ಮರೆಯುತ್ತಾರೆ, ಒಬ್ಬರು ಗ್ರೂಪನ್ನು ಮ್ಯೂಟ್ ಮಾಡುತ್ತಾರೆ. ಎರಡು ತಿಂಗಳು ಕಟ್ಟದವರನ್ನು ಮುಜುಗರವಿಲ್ಲದೆ ಬಿಟ್ಟುಬಿಡಿ, ಬೆನ್ನು ಹತ್ತಬೇಡಿ. ಗುಂಪಿನಲ್ಲಿ ಜನ ಹದಿನೈದು ದಾಟಿದರೆ ಯಾರೂ ಯಾರ ಪುಟವನ್ನೂ ಓದುವುದಿಲ್ಲ. ಎಂಟಕ್ಕಿಂತ ಕಡಿಮೆಯಾದರೆ ಮೊತ್ತ ಏನಕ್ಕೂ ಸಾಲದು. ಇನ್ನೊಂದು, ಸರದಿ ಬಂದವರು ತಮ್ಮ ನೆಂಟರ ಸಂಸ್ಥೆಯನ್ನೇ ಆರಿಸುವುದು. ಆರಿಸಲಿ, ಆದರೆ ನಂಟು ಇದೆ ಎಂದು ಪುಟದ ಮೊದಲ ಸಾಲಿನಲ್ಲೇ ಬರೆಯಲಿ. ಹಾಗೆ ಬರೆಯಬೇಕಾದಾಗ ಮುಕ್ಕಾಲು ಜನ ತಾವಾಗಿಯೇ ಬೇರೆ ಜಾಗ ಹುಡುಕುತ್ತಾರೆ. ಅಂದಹಾಗೆ, ಗುಂಪಿನ ಹೊರಗಿನವರಿಂದ ಹಣ ಎತ್ತಲು ಹೊರಟರೆ ವಿಷಯ ಬೇರೆಯಾಗುತ್ತದೆ. ಆಗ ನೋಂದಾಯಿತ ಸಂಘ ಅಥವಾ ಟ್ರಸ್ಟ್, ಪ್ರತ್ಯೇಕ ಖಾತೆ, ಲೆಕ್ಕ ಪರಿಶೋಧನೆ ಬೇಕು.

ತೆರಿಗೆ ವಿನಾಯಿತಿ ತೋರಿಸಿ ಹುಡುಗರನ್ನು ಸೆಳೆಯಲು ಹೋಗುವವರಿದ್ದಾರೆ. ಆ ಕಾಲ ಬಹುಪಾಲು ಮುಗಿಯಿತು. ದಾನ ಕೊಟ್ಟವರಿಗೆಂದು ಇರುವ 80ಜಿ ಕಲಮಿನ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಅದರಲ್ಲಿ ಈ ವಿನಾಯಿತಿ ಇಲ್ಲ. ಮೊದಲ ಸಂಬಳದ ಹುಡುಗ ಸಾಮಾನ್ಯವಾಗಿ ಹೊಸ ಪದ್ಧತಿಯಲ್ಲೇ ಇರುತ್ತಾನೆ. ಹಳೆಯ ಪದ್ಧತಿಯಲ್ಲಿರುವವರು ಮೂರು ಸಂಗತಿ ಗಮನದಲ್ಲಿಡಿ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ. ಬಟ್ಟೆ, ದಿನಸಿಯಂಥ ವಸ್ತುಗಳಿಗೆ ಇಲ್ಲ. ಬರೀ ರಸೀದಿ ಸಾಲದು. ಸಂಸ್ಥೆ ಇಲಾಖೆಗೆ ವಿವರ ಸಲ್ಲಿಸಿ, 10ಬಿಇ ಎಂದು ಕರೆಯುವ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ನಿಮ್ಮ ಪ್ಯಾನ್ ಸರಿಯಾಗಿ ಕೊಟ್ಟಿರಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗುವುದರಿಂದ, ಸಂಸ್ಥೆಯವರು ಕೊಡುವ ಕಾಗದದಲ್ಲಿ ಯಾವ ಸಂಖ್ಯೆ ಇದೆ ಎಂದು ನಿಮ್ಮ ಆಡಿಟರಿಗೊಮ್ಮೆ ತೋರಿಸಿ.

ಹುಟ್ಟುಹಬ್ಬಕ್ಕೆ ಅನಾಥಾಶ್ರಮಕ್ಕೆ ಹೋಗಿ ಕೇಕು ಕತ್ತರಿಸುವ ರೂಢಿಯ ಬಗ್ಗೆ ಎರಡು ಮಾತು. ಉದ್ದೇಶ ಒಳ್ಳೆಯದೇ. ಆದರೆ ಭಾನುವಾರ ಒಂದೇ ದಿನ ಮೂರು ಕೇಕು, ಎರಡು ಪಾಯಸ. ಬುಧವಾರ ಸೊಪ್ಪು ತರಕಾರಿಗೆ ದುಡ್ಡಿಲ್ಲ. ವಿದ್ಯುತ್ ಬಿಲ್ಲು, ಅಡುಗೆಯವರ ಸಂಬಳ, ಹುಡುಗಿಯರ ಸ್ಯಾನಿಟರಿ ಪ್ಯಾಡು, ಶೌಚಾಲಯದ ಪೈಪು, ಇವಕ್ಕೆ ಕೊಡುವವರು ಸಿಗುವುದಿಲ್ಲ, ಯಾಕೆಂದರೆ ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲಾಗದು. ಮುಂಚೆ ಫೋನ್ ಮಾಡಿ "ಈ ತಿಂಗಳು ಏನು ಕೊರತೆ?" ಎಂದು ಕೇಳಿ. ಬಾಲನ್ಯಾಯ ಕಾಯ್ದೆಯಡಿ ಆ ಸಂಸ್ಥೆ ನೋಂದಣಿಯಾಗಿದೆಯೇ ಎಂದೂ ಕೇಳಿ. ಸರಿಯಾಗಿ ನಡೆಸುವವರು ಬೇಸರಪಡುವುದಿಲ್ಲ. ಫೋಟೊ ವಿಷಯ ಹುಡುಗರಿಗೆ ಸ್ಪಷ್ಟವಾಗಿ ಹೇಳಿ: ಪಾಲನೆ, ರಕ್ಷಣೆ ಬೇಕಿರುವ ಮಗುವಿನ ಗುರುತು ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಸ್ಟೇಟಸ್ಸಿಗೆ ಹಾಕಿದ ಒಂದು ಸೆಲ್ಫಿ ಸಾಕು.

ಚಿಕಿತ್ಸೆಗೆ ಹಣ ಬೇಕೆಂಬ ಮನವಿಗಳು ಎಳೆಯರ ಮೊಬೈಲಿಗೇ ಹೆಚ್ಚು ಬರುತ್ತವೆ, ಮನಸ್ಸೂ ಅವರದೇ ಬೇಗ ಕರಗುತ್ತದೆ. ಮೋಸ ಹೋದ ಹುಡುಗ ಇನ್ನೊಮ್ಮೆ ಕೊಡಲು ಹಿಂಜರಿಯುತ್ತಾನೆ ಎಂಬುದೇ ಇಲ್ಲಿ ದೊಡ್ಡ ನಷ್ಟ. ಆದ್ದರಿಂದ ರೋಗಿಯ ಒಳರೋಗಿ ಸಂಖ್ಯೆ ಕೇಳಿ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೆ ಅಥವಾ ಆಸ್ಪತ್ರೆಯದೇ ಖಾತೆಗೆ ಆ ಸಂಖ್ಯೆ ನಮೂದಿಸಿ ಕಟ್ಟಿ. ಹಣ ಎತ್ತುವ ಮೊದಲು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆ ಚಿಕಿತ್ಸೆ ಬರುತ್ತದೆಯೇ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅದರಲ್ಲಿ ಸೌಲಭ್ಯವಿದೆ. ಆಗ ನಿಮ್ಮ ಗುಂಪಿನ ದುಡ್ಡು ರೋಗಿಯ ಕಡೆಯವರ ಊಟಕ್ಕೆ, ಬಸ್ ಚಾರ್ಜಿಗೆ, ಯೋಜನೆಯಲ್ಲಿ ಬಾರದ ಔಷಧಿಗೆ ಆಗುತ್ತದೆ.

ದುಡ್ಡೇ ಇಲ್ಲದ ವಿದ್ಯಾರ್ಥಿ ಏನು ಕೊಡಬೇಕು? ಹದಿನೆಂಟು ತುಂಬಿದರೆ ರಕ್ತ. ತೂಕ 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ. ಹಚ್ಚೆ ಹಾಕಿಸಿಕೊಂಡಿದ್ದರೆ ಒಂದು ವರ್ಷ ಕಾಯಬೇಕು. ಇದನ್ನು ಶಿಬಿರದ ಬೆಳಿಗ್ಗೆ ಹೇಳುವುದಕ್ಕಿಂತ ವಾರ ಮುಂಚೆ ನೋಟಿಸಿನಲ್ಲೇ ಹಾಕಿ. ಖಾಲಿ ಹೊಟ್ಟೆಯಲ್ಲಿ ಕರೆತರಬೇಡಿ. ಬೆಳಿಗ್ಗೆ ತಿಂಡಿ ಬಿಟ್ಟು ಬಂದ ಹುಡುಗ ತಲೆ ತಿರುಗಿ ಬಿದ್ದರೆ ಅವನ ಹಿಂದಿನ ಹತ್ತು ಜನ ಸಾಲು ಬಿಟ್ಟು ಹೋಗುತ್ತಾರೆ. ಹಿಮೋಗ್ಲೋಬಿನ್ ಕಡಿಮೆ ಎಂದು ಹುಡುಗಿಯರನ್ನು ವಾಪಸ್ ಕಳಿಸುವಾಗ ಕಾರಣ ಹೇಳಿ, ಕಬ್ಬಿಣಾಂಶದ ಮಾತ್ರೆ ಎಲ್ಲಿ ಸಿಗುತ್ತದೆ ಹೇಳಿ, ಮುಂದಿನ ತಾರೀಖು ಕೊಡಿ. ಸುಮ್ಮನೆ "ಆಗಲ್ಲಮ್ಮ" ಅಂದರೆ ಅವರು ಇನ್ನೆಂದೂ ಬರುವುದಿಲ್ಲ.

ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ಮುನ್ನೂರು ಯೂನಿಟ್ ತೆಗೆಸುವುದು ನಮ್ಮಲ್ಲೊಂದು ಪೈಪೋಟಿ. ಪ್ಲೇಟ್‌ಲೆಟ್ ಐದೇ ದಿನ ಇರುವುದು, ಕೆಂಪುಕಣ 35ರಿಂದ 42 ದಿನ. ಏಪ್ರಿಲ್, ಮೇನಲ್ಲಿ ಕಾಲೇಜಿಗೆ ರಜೆ, ಶಿಬಿರಗಳಿಲ್ಲ, ಅಪಘಾತ ಮತ್ತು ಹೆರಿಗೆಗೆ ರಜೆಯಿಲ್ಲ. ಮುನ್ನೂರು ಹುಡುಗರಿದ್ದರೆ ತಿಂಗಳಿಗೆ ಇಪ್ಪತ್ತೈದರಂತೆ ಹಂಚಿ ಪಟ್ಟಿ ಮಾಡಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ರಕ್ತನಿಧಿಗೆ ಮುಂಚೆ ತಿಳಿಸಿ ಕಳಿಸಿ. ಪೋಸ್ಟರಿಗೆ ದೊಡ್ಡ ಅಂಕಿ ಸಿಗುವುದಿಲ್ಲ, ಅಷ್ಟೇ.

ಹಳೆ ವಿದ್ಯಾರ್ಥಿಗಳ ಸಂಘದವರು ದತ್ತಿ ಇಡುವ ಬಗ್ಗೆ ಕೇಳಿದ್ದೀರಿ. ಗುರಿಕಾರ್ ಮರಿಮಲ್ಲಪ್ಪನವರ ದತ್ತಿಯಿಂದ 1876ರಲ್ಲಿ ಶುರುವಾದ ಶಾಲೆ ಮೈಸೂರಿನಲ್ಲಿ ಇಂದಿಗೂ ನಡೆಯುತ್ತಿದೆ. ಹಾಗೆ ಬಾಳಿದ ದತ್ತಿಗಳಿವೆ, ಸೊರಗಿದವು ಅದಕ್ಕಿಂತ ಹೆಚ್ಚು. ಯಾಕೆಂದು ಲೆಕ್ಕದಲ್ಲೇ ನೋಡೋಣ. ನಿಮ್ಮ ಬ್ಯಾಚಿನ ನಲವತ್ತು ಜನ ತಲಾ 2,500 ಹಾಕಿದರೆ ಒಂದು ಲಕ್ಷ. ಶೇ. 6.5 ಬಡ್ಡಿಯಲ್ಲಿ ವರ್ಷಕ್ಕೆ 6,500. ಅಷ್ಟನ್ನೂ ಪ್ರತಿವರ್ಷ ಬಹುಮಾನ ಕೊಟ್ಟರೆ ಅಸಲು ಒಂದು ಲಕ್ಷದಲ್ಲೇ ನಿಂತಿರುತ್ತದೆ. ಬೆಲೆ ವರ್ಷಕ್ಕೆ ಶೇ. 6 ಏರಿದರೆ ಹನ್ನೆರಡು ವರ್ಷಕ್ಕೆ ಆ 6,500ರ ಕೊಳ್ಳುವ ಶಕ್ತಿ ಅರ್ಧ, ಇಪ್ಪತ್ನಾಲ್ಕು ವರ್ಷಕ್ಕೆ ಕಾಲು. ಹಳೆಯ ಸಾವಿರ ರೂಪಾಯಿ ದತ್ತಿಗಳು ಇವತ್ತು ಒಂದು ಪೆನ್ನಿಗೂ ಒಂದು ಪ್ರಮಾಣಪತ್ರಕ್ಕೂ ಇಳಿದಿರುವುದು ಹೀಗೆ. 4,000 ಖರ್ಚು ಮಾಡಿ, 2,500 ಅಸಲಿಗೆ ಸೇರಿಸಿ ಎಂದು ದತ್ತಿಪತ್ರದಲ್ಲೇ ಬರೆಯಿರಿ. ಬಹುಮಾನ ಇಟ್ಟ ಕೋರ್ಸು ನಿಂತುಹೋದರೆ ಹಣ ಯಾವುದಕ್ಕೆ ಎಂದೂ ಬರೆಯಿರಿ. ಆತಕೂರಿನವರು ಷರತ್ತನ್ನು ಕಲ್ಲಿನ ಮೇಲೇ ಬರೆದಿದ್ದರು.

ಕೊನೆಗೆ ಗಣೇಶನ ಚಂದಾ. ಊರೂರಿನ ಯುವಕರಿಗೆ ಹಣ ಎತ್ತುವುದು, ಖರ್ಚು ಮಾಡುವುದು ಗೊತ್ತಾಗುವ ಮೊದಲ ಪಾಠಶಾಲೆ ಅದು. ಹಾಳಾಗುವುದೂ ಅಲ್ಲೇ ಶುರು. ಕ್ರಮಸಂಖ್ಯೆ ಇರುವ, ಅಡಿಪ್ರತಿ ಉಳಿಯುವ ರಸೀದಿ ಪುಸ್ತಕ ಮಾಡಿಸಿ. ಮನೆಮನೆಗೆ ಇಬ್ಬರಿಗಿಂತ ಕಡಿಮೆ ಹೋಗಬೇಡಿ. ಕ್ಯೂಆರ್ ಕೋಡು ಸಮಿತಿಯ ಖಾತೆಯದೇ ಇರಲಿ. ಎತ್ತುವ ಮುಂಚೆಯೇ "ನೂರಕ್ಕೆ ಹತ್ತು ನಮ್ಮೂರ ಶಾಲೆಗೆ" ಎಂಬಂತೆ ಒಂದು ಕೆಲಸ ಗೊತ್ತು ಮಾಡಿ, ಅದನ್ನು ರಸೀದಿಯ ಮೇಲೆ ಅಚ್ಚು ಹಾಕಿಸಿ, ಮೊದಲ ದಿನವೇ ಆ ಭಾಗ ತೆಗೆದಿಡಿ. ವಿಸರ್ಜನೆ ಆದಮೇಲೆ ಉಳಿದದ್ದರಲ್ಲಿ ಕೊಡೋಣ ಎಂದರೆ ಉಳಿದದ್ದು ಬಾಡೂಟಕ್ಕೆ ಹೋಗುತ್ತದೆ. ನಗಬೇಡಿ, ಇಲ್ಲಿ ಕೂತಿರುವವರಿಗೆ ಗೊತ್ತು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

ಒಬ್ಬ ತಾಯಿ ಕೇಳಿದರು: ಮಗ ಆರಿಸಿದ ಜಾಗ ನಮಗೆ ಹಿಡಿಸದಿದ್ದರೆ? ಬೀದಿನಾಯಿಗಳಿಗೆ ಲಸಿಕೆ ಹಾಕಿಸಲು ಕೊಡುತ್ತೇನೆ ಅನ್ನುತ್ತಾನೆ, ಮನುಷ್ಯರೇ ಇಷ್ಟು ಕಷ್ಟದಲ್ಲಿರುವಾಗ. ಉತ್ತರ: ಕೊಡಲಿ. ಮೋಸ ಇದೆಯೇ ಎಂದು ಮಾತ್ರ ನೀವು ನೋಡಿ, ಯಾವುದು ಮುಖ್ಯ ಎಂಬುದು ಅವನದು. ನೀವು ತಡೆದರೆ ಅವನು ನಿಮ್ಮ ಜಾಗಕ್ಕೆ ಕೊಡುವುದಿಲ್ಲ, ಸುಮ್ಮನಾಗುತ್ತಾನೆ.

ಯುವಕ ಸಂಘದ ಒಬ್ಬರು ಕೇಳಿದರು: ಚಂದಾ ಲೆಕ್ಕವನ್ನು ಬೋರ್ಡಿಗೆ ಹಾಕಿದರೆ ಯಾರು ಎಷ್ಟು ಕೊಟ್ಟರು ಎಂದು ಊರಲ್ಲಿ ಜಗಳ ಆಗುವುದಿಲ್ಲವೇ, ಅಣ್ಣ? ಉತ್ತರ: ಆಗುತ್ತದೆ. ಅದಕ್ಕೇ ಕೊಟ್ಟವರ ಹೆಸರು, ಮೊತ್ತ ಬೋರ್ಡಿಗೆ ಬೇಡ. ಒಟ್ಟು ಬಂದದ್ದು, ರಸೀದಿ ಸಂಖ್ಯೆ ಎಷ್ಟರಿಂದ ಎಷ್ಟರವರೆಗೆ ಹರಿದಿದೆ, ಶಾಮಿಯಾನ, ಮೂರ್ತಿ, ಮೈಕ್‌ಸೆಟ್ಟು, ಪ್ರಸಾದ, ಶಾಲೆ, ಪ್ರತಿಯೊಂದರ ಎದುರಿಗೆ ಬಿಲ್ಲಿನ ಸಂಖ್ಯೆ ಮತ್ತು ಮೊತ್ತ, ಕೊನೆಗೆ ಕೈಯಲ್ಲಿ ಉಳಿದದ್ದು. ಏಳು ದಿನದೊಳಗೆ ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಬೆಳಿಗ್ಗೆ ಸಂಜೆ ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರೆ. ರಸೀದಿ ಪುಸ್ತಕ ಖಜಾಂಚಿಯ ಮನೆಯಲ್ಲಿರಲಿ, ಕೇಳಿದವರಿಗೆ ತೋರಿಸಲಿ.